ಗಂಟಿನ ಅಳತೆ

"ಶಿರಸಿಯಾಗೆ ಒಂದೂವರೆ, ಹುಬ್ಳಿಯಾಗೆ ಎರಡೂಕಾಲು! ಯಾವ್ದೇ ಸುಳ್ಳು? ಹೇಳೇ!"

ಉತ್ತರ ಬರುವ ಮೊದಲೇ ಚೌಡನ ಕೈ ಎದ್ದಿತ್ತು. ಕೈಯಲ್ಲಿ ಮರದ ದಿಮ್ಮಿಯ ಸುತ್ತಳತೆ ಹಿಡಿಯುವ ಟೇಪು. ಅದರ ಹಿತ್ತಾಳೆ ತುದಿ ಬಡಿದು ಹೆಂಡತಿ ಸುಬ್ಬಿಯ ಕೆನ್ನೆ ಒಡೆಯಿತು. ಎಕ್ಕಂಬಿಯ ಈ ಗಂಡಸು ನಾಟಾ ಡಿಪೋದಲ್ಲಿ ಅಳತೆಗಾರ. ದೇವರ ಮುಂದೆ ಬೇಕಾದರೆ ಸುಳ್ಳು ಹೇಳಿಯಾನು, ಟೇಪಿನ ಮುಂದೆ ಹೇಳುವವನಲ್ಲ.

ಸುಬ್ಬಿಗೆ ಪ್ರತಿ ತಿಂಗಳು ಮುಟ್ಟಾದಾಗ ಕರುಳು ಹರಿಯುವಂಥ ನೋವು. ಕಕ್ಕಸಿಗೆ ಕೂತರೆ ಕಣ್ಣು ಕತ್ತಲೆ. ಗಂಡ ಅದನ್ನು ಸೋಗು ಅಂದ, ಅತ್ತೆ ದ್ಯಾವಮ್ಮ ಕೆಲಸಗಳ್ಳಿ ಅಂದಳು. ಶಿರಸಿಗೆ ಹೊಸ ಸ್ಕ್ಯಾನಿಂಗ್ ಮಿಷನ್ ಬಂದ ಮೇಲೆ ಗೊತ್ತಾಯಿತು, ಅದು ಗಂಟು. ಗರ್ಭಕೋಶದ ಒಳಪದರದಂಥದ್ದೇ ಹೋಗಿ ಕರುಳಿನ ಗೋಡೆಯಲ್ಲಿ ಬೆಳೆದು ಕೂತಿದೆಯಂತೆ. ಅಲ್ಲಿ ಒಂದೂವರೆ ಸೆಂಟಿಮೀಟರ್ ಎಂದು ಬರೆದದ್ದು ಹುಬ್ಬಳ್ಳಿಯ ಸ್ಕ್ಯಾನಿಂಗಿನಲ್ಲಿ ಎರಡೂಕಾಲು ಎಂದು ಬಂತು. ನಾಳೆ ಹುಬ್ಬಳ್ಳಿಯಲ್ಲಿ ಆಪರೇಷನ್. ಗಂಡ ಬಂದು ಸಹಿ ಹಾಕದಿದ್ದರೆ ಮಾಡುವುದಿಲ್ಲ ಎಂದು ಆಸ್ಪತ್ರೆಯವರು ಅಂದಿದ್ದರು.

"ಡಾಕ್ಟ್ರಮ್ಮ ಹೇಳಿದ್ರಲ್ಲ," ಸುಬ್ಬಿ ರಕ್ತ ಒರೆಸಿಕೊಂಡಳು. "ಕರುಳು ಒಂದ್ಕಡೆ ನಿಲ್ಲೂದಿಲ್ಲ. ಒತ್ತಿ ಹಿಡಿದ್ರೆ ಒಂದು, ಸಡ್ಲ ಹಿಡಿದ್ರೆ ಒಂದು ಬರ್ತದೆ. ಗಂಟಂತೂ ಅದೆ ಅಂದ್ರು."

"ಅಳ್ತೆ ಅಂದ್ರೆ ಅಳ್ತೆ! ನನ್ನ ಟೇಪು ದಿನಕ್ಕೊಂದು ಹೇಳ್ತದಾ? ಎರಡು ಬಂತು ಅಂದ್ರೆ ಗಂಟೇ ಇಲ್ಲ. ನಾಳೆ ಯಾರೂ ಎಲ್ಲಿಗೂ ಹೋಗೂದಿಲ್ಲ!"

ಎಂದವನೇ ಹೊಟ್ಟೆಗೆ ಒದ್ದ. ಸುಬ್ಬಿ ಗೋಡೆ ಹಿಡಿದು ಕುಸಿದಳು. ಪುಣ್ಯಾತ್ಮ ಏನೂ ಆಗಿಲ್ಲವೆಂಬಂತೆ ಟೇಪು ಬಿಸಾಡಿ ಊಟಕ್ಕೆ ಕುಳಿತ, ಸಾರಿಗೆ ಉಪ್ಪು ಸಾಲದು ಎಂದು ಬೈದ.

ಉಪ್ಪು! ಇಷ್ಟು ವರ್ಷ ನುಂಗಿದ ಸಿಟ್ಟೆಲ್ಲ ಅವಳ ನೆತ್ತಿಗೇರಿತು. ಟೇಪು ಎತ್ತಿಕೊಂಡು ಹಿಂದಿನಿಂದ ಬಂದು ಅವನ ಕುತ್ತಿಗೆಗೆ ಒಂದು ಸುತ್ತು ಹಾಕಿ, ಬೆನ್ನಿಗೆ ಮೊಣಕಾಲು ಕೊಟ್ಟಳು.

"ಮೂವತ್ತೆಂಟು," ಎಂದು ಓದಿದಳು. ಜಗ್ಗಿದಳು. ತಟ್ಟೆ ಉರುಳಿತು. "ಈಗ ಮೂವತ್ತಾರು." ಇನ್ನೂ ಜಗ್ಗಿದಳು. "ಮೂವತ್ನಾಲ್ಕು. ಯಾವ್ದು ಸುಳ್ಳು? 'ನಂಗೆ ಕುತ್ತಿಗೆನೇ ಇಲ್ಲ' ಅನ್ನು! ಅನ್ನು ನೋಡ್ವ!"

ಚೌಡನ ಮುಖ ಕಪ್ಪಿಟ್ಟಿತು. ಎಂಜಲು ಕೈ ನೆಲಕ್ಕೆ ಪಟಪಟ ಬಡಿಯಿತು. "ಅಯ್ಯಯ್ಯೋ, ಕೊಂದ್ಲು!" ಎಂದು ದ್ಯಾವಮ್ಮ ಓಡಿ ಬಂದು ಸೊಸೆಯ ಜಡೆ ಹಿಡಿದು ಎಳೆದಳು. ಕೂದಲು ಕಿತ್ತು ಬಂತು, ಟೇಪು ಸಡಿಲಾಗಲಿಲ್ಲ.

"ನಾಳೆ ಬರ್ತಿಯಾ?"

ಅವನು ತಲೆಯಾಡಿಸಿದ ಮೇಲೆಯೇ ಬಿಟ್ಟಳು. ಆಮೇಲೆ ಚೆಲ್ಲಿದ ಅನ್ನವನ್ನು ಬಳಿದಳು. ಕೊಂದೇ ಬಿಡುತ್ತಿದ್ದೆನಲ್ಲ ಎಂದು ಅವಳಿಗೇ ಹೆದರಿಕೆಯಾಯಿತು.

ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿದ್ದರು. ಅಷ್ಟು ಸೆಕೆಯಲ್ಲೂ ಚೌಡ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಸುಬ್ಬಿ ಸ್ಕ್ಯಾನಿಂಗ್ ಲಕೋಟೆಯನ್ನು ಹೊಟ್ಟೆಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

"ಎಷ್ಟ್ರೀ?" ಕಂಡಕ್ಟರ್ ಕೇಳಿದ.

ಚೌಡ ಬಾಯಿ ತೆರೆದ. ದನಿ ಹೊರಡಲಿಲ್ಲ. ಎರಡು ಬೆರಳು ಎತ್ತಿ ತೋರಿಸಿದ.