ಅಣ್ಣಪ್ಪನ ಬಂಗಡೆ

ಮೂರನೆಯ ಸಲ ಬರೆದ ಗೆರೆಯನ್ನೂ ಅಣ್ಣಪ್ಪ ಚಿಮಣಿ ಎಣ್ಣೆಯ ಬಟ್ಟೆಯಿಂದ ಒರೆಸಿಬಿಟ್ಟ. ಕಾಸರಕೋಡದ ದಂಡೆಯ ಮೇಲೆ, ತಗಡಿನ ಚಪ್ಪರದ ಕೆಳಗೆ, ವೆಂಕಟನ ಹೊಸ ದೋಣಿ ನಿಂತಿತ್ತು. ಮೈಗೆಲ್ಲ ನೀಲಿ ಬಳಿದಾಗಿತ್ತು. ಮೂತಿಯ ಎರಡೂ ಬದಿಗೆ ಒಂದೊಂದು ಬಂಗಡೆ ಮೀನು ಬರೆಯುವುದಷ್ಟೇ ಬಾಕಿ. ಇಪ್ಪತ್ತೆಂಟು ವರ್ಷದಲ್ಲಿ ಈ ದಂಡೆಯ ಯಾವ ದೋಣಿಯೂ ಅಣ್ಣಪ್ಪನ ಬಂಗಡೆ ಇಲ್ಲದೆ ನೀರಿಗೆ ಇಳಿದದ್ದಿಲ್ಲ. ಬಾಲದಿಂದ ಮೂತಿಯವರೆಗೆ ಬೆನ್ನಿನ ಗೆರೆಯನ್ನು ಉಸಿರು ಬಿಡದೆ ಒಂದೇ ಎಳೆತಕ್ಕೆ ಎಳೆಯುತ್ತಿದ್ದವನು ಅವನು. ಈಗ ಅದೇ ಗೆರೆ ನಡುವೆ ಗರಗಸದಂತೆ ಹಲ್ಲುಹಲ್ಲಾಗುತ್ತಿತ್ತು.

"ಎಂತಾ ಅಣ್ಣಪ್ಪಣ್ಣ, ಇವತ್ತೂ ಆಗ್ಲಿಲ್ವಾ?" ಬಲೆಯ ಕಟ್ಟು ಹೆಗಲ ಮೇಲೆ ಹೊತ್ತುಕೊಂಡು ವೆಂಕಟ ಬಂದ.

"ಹಲಗೆ ಥಂಡಿ ಹಿಡ್ದದೆ ಮಾರಾಯ. ಬಣ್ಣ ನಿಲ್ತಿಲ್ಲ."

ನಿನ್ನೆ ಬ್ರಶ್ಶು ಸರಿಯಿಲ್ಲ ಅಂದಿದ್ದ. ಮೊನ್ನೆ ಬೆಳಕು ಸಾಲದು ಅಂದಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹಲಗೆಯೂ ಬ್ರಶ್ಶೂ ಚೆನ್ನಾಗಿಯೇ ಇದ್ದವು. ನಡುಗುತ್ತಿದ್ದದ್ದು ಅವನ ಬಲಗೈ. ದೀಪಾವಳಿಯಿಂದೀಚೆ ಶುರುವಾದ ಈ ನಡುಕವನ್ನು ಅವನು ಹೆಂಡತಿ ತಿಮ್ಮಕ್ಕನಿಗೂ ಹೇಳಿರಲಿಲ್ಲ. ಮನೆಯಲ್ಲಿ ಚಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಪ್ಪನ್ನು ಮಳೆಗಾಲದ ಚಳಿಯ ಮೇಲೆ ಹೊರಿಸುತ್ತಿದ್ದ.

"ನೂಲ ಹುಣ್ಣಿಮೆಗೆ ಇನ್ನು ಹತ್ತೇ ದಿನ," ವೆಂಕಟ ತಲೆ ಕೆರೆದುಕೊಂಡ. "ಸಮುದ್ರಕ್ಕೆ ಕಾಯಿ ಬಿಟ್ಟ ಮಾರನೇ ದಿನ ದೋಣಿ ಇಳೀಲೇಬೇಕು. ಕುಮಟೆಲಿ ಈಗ ಸ್ಟಿಕ್ಕರ್ ಮಾಡಿ ಕೊಡ್ತ್ರಂತೆ. ನಿಂಗೆ ಆಗೂದಿಲ್ಲ ಅಂದ್ರೆ ಹೇಳು. ಬೇಜಾರಿಲ್ಲ."

ಬೇಜಾರಿಲ್ಲ ಅಂದುಬಿಟ್ಟರೆ ಆಯಿತೇ? ಒಂದು ದೋಣಿಗೆ ಸ್ಟಿಕ್ಕರ್ ಬಂದರೆ ಬರುವ ವರ್ಷ ಎಲ್ಲ ದೋಣಿಗೂ ಸ್ಟಿಕ್ಕರೇ. ಆಮೇಲೆ ಅಣ್ಣಪ್ಪ ಮಳೆಗಾಲವಿಡೀ ಜಗಲಿಯಲ್ಲಿ ಕೂತು ಮಳೆ ನೋಡುವುದೇ ಸೈ. "ಹುಣ್ಣಿಮೆಯೊಳಗೆ ಆತು ಅಂತ ತಿಳ್ಕ," ಎಂದು ಹೇಳಿ, ಕೈಯನ್ನು ಪಂಚೆಯ ಮಡಿಕೆಯೊಳಗೆ ಅಡಗಿಸಿಕೊಂಡು ಹೊರಟ.

ಮನೆಗೆ ಹೋಗಲು ಮನಸ್ಸಾಗದೆ ಟೆಂಪೋ ಹತ್ತಿ, ಸೇತುವೆ ದಾಟಿ ಹೊನ್ನಾವರಕ್ಕೆ ಬಂದ. ಮಗಳು ದಿವ್ಯಶ್ರೀ ಬಸ್ ಸ್ಟ್ಯಾಂಡಿನ ಹತ್ತಿರ ಗುರುದತ್ತನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಯಾಕೆ ಬಂದೆ ಎಂದು ಕೇಳಿದರೆ, ಮಳೆ ಬಂದೀತೆಂದು ಕೊಡೆ ಕೊಡಲು ಬಂದೆ ಎನ್ನಬಹುದು.

"ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ," ಗುರುದತ್ತ ಒಂದು ಖಾಲಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಟ್ಟ. ಅವನಿಗೆ ಮಾತಿನ ಹುಚ್ಚು. ಮೊದಲು ಈ ಕಂಪ್ಯೂಟರುಗಳಿಗೆ ವಾರಕ್ಕೊಮ್ಮೆ ವೈರಸ್ ಬರುತ್ತಿತ್ತು. ಹೋದ ವರ್ಷ ಕುಮಟೆಯ ಸ್ನೇಹಿತನೊಬ್ಬ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿಡಿ ಕೊಟ್ಟ. ಆವತ್ತಿನಿಂದ ಯಂತ್ರಗಳೂ ಅವನೂ ಸುಖವಾಗಿದ್ದಾರೆ. ಚಿತ್ರ ಬರೆಯುವುದು, ಆಟ, ಎಲ್ಲ ಅದರಲ್ಲೇ ಇದೆ, ಎಲ್ಲವೂ ಪುಕ್ಕಟೆ. "ಕ್ಲಾಸಿಗೆ ಬರುವವರಿಗೆಲ್ಲ ಸಿಡಿ ಮಾಡಿ ಕೊಡ್ತೇನೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅಂತ ಎರಡೆರಡು ಒಯ್ಯುತ್ತಾರೆ," ಎಂದು ನಕ್ಕ.

"ಪುಕ್ಕಟೆ ಕೊಡೂರಿಗೆ ಎಂತಾ ಲಾಭ?" ಅಣ್ಣಪ್ಪನಿಗೆ ಸಂಶಯ.

ಉತ್ತರ ಕೊಟ್ಟದ್ದು ದಿವ್ಯಶ್ರೀ. "ನೀನೇ ಹೇಳ್ತಿದ್ಯಲಾ ಅಪ್ಪಾ, ಮೊದ್ಲು ರಂಪಣಿ ಬಲೆ ಎಳೆಯೂಕೆ ಊರಿಗೂರೇ ಬರ್ತಿತ್ತು, ಹಗ್ಗಕ್ಕೆ ಕೈ ಹಾಕ್ದವ್ರಿಗೆಲ್ಲ ಪಾಲು, ನೋಡೂಕೆ ಬಂದವ್ರಿಗೂ ನಾಕು ಮೀನು ಅಂತ. ಇದೂ ಹಂಗೇ. ಯಾರ್ಯಾರೋ ಸೇರಿ ಮಾಡ್ತ್ರು. ನಾವು ನೋಡೂಕೆ ಬಂದವ್ರು."

ಅದು ಅಣ್ಣಪ್ಪನಿಗೆ ಹಿಡಿಸಿತು. ಅವಳು ಅವನ ಮುಂದಿನ ಪರದೆಯಲ್ಲಿ ಒಂದು ಆಟ ಹಾಕಿಕೊಟ್ಟಳು. ಹೊಟ್ಟೆಯ ಮೇಲೆ ಮಲಗಿದ ಕಪ್ಪು ಬಿಳಿ ಹಕ್ಕಿಯೊಂದು ಹಿಮದ ಗುಡ್ಡದಿಂದ ಜಾರುತ್ತ, ದಾರಿಯಲ್ಲಿ ಸಿಕ್ಕ ಮೀನುಗಳನ್ನು ಬಾಚಿಕೊಳ್ಳುತ್ತಿತ್ತು. ಮೂರು ಸಲ ಹಕ್ಕಿಯನ್ನು ಮರಕ್ಕೆ ಡಿಕ್ಕಿ ಹೊಡೆಸಿದ ಮೇಲೆ ಅಣ್ಣಪ್ಪನ ಕಣ್ಣು ಮೀನಿನ ಮೇಲೆ ಬಿತ್ತು.

"ಇದೆಂತಾ ಮೀನು? ಬಂಗಡೆಯೂ ಅಲ್ಲ, ತಾರ್ಲೆಯೂ ಅಲ್ಲ. ಬೆನ್ನೇ ಇಲ್ಲ ಇದ್ಕೆ."

"ಅಷ್ಟು ಗೊತ್ತಿದ್ರೆ ನೀನೇ ಬರೆ," ಎಂದು ದಿವ್ಯಶ್ರೀ ಆಟ ಮುಚ್ಚಿ ಗಿಂಪ್ ಎಂಬ ಚಿತ್ರದ ತಂತ್ರಾಂಶ ತೆರೆದಳು. ಬಿಳಿ ಹಾಳೆಯೊಂದು ಪರದೆ ತುಂಬ ಹರಡಿತು.

ಬೇಡ ಅನ್ನುವಷ್ಟರಲ್ಲಿ ಮೌಸು ಅವನ ಕೈಯೊಳಗಿತ್ತು. ಬೆನ್ನಿನ ಗೆರೆ ಎಳೆದ. ದೋಣಿಯ ಹಲಗೆಯ ಮೇಲೆ ಬಂದ ಅದೇ ಗರಗಸದ ಹಲ್ಲು ಇಲ್ಲೂ ಬಂತು. ಒರೆಸಲು ಚಿಮಣಿ ಎಣ್ಣೆ ಇರಲಿಲ್ಲ. ದಿವ್ಯಶ್ರೀ ಗೆರೆ ನೋಡಿದಳು, ಆಮೇಲೆ ಅಪ್ಪನ ಕೈ ನೋಡಿದಳು.

"ಎಷ್ಟು ದಿನ ಆತು?" ಮೆಲ್ಲಗೆ ಕೇಳಿದಳು.

"ದೀಪಾವಳಿಯಿಂದ. ನಿನ್ನ ಆಯಿಗೆ ಹೇಳ್ಬ್ಯಾಡ."

ಅವಳ ಕಣ್ಣು ತುಂಬಿತು. ಆದರೆ ಅವಳು ಅಳುವ ಜಾತಿಯವಳಲ್ಲ. ಮೂಗೊರೆಸಿಕೊಂಡು, ಪರದೆಯ ಮೂಲೆಯಲ್ಲಿ ಬೇರೆ ಯಾವುದೋ ಗುರುತನ್ನು ಒತ್ತಿದಳು. "ಗೆರೆ ಎಳೀಬ್ಯಾಡ. ಬಾಲದ ಹತ್ರ ಒಂದು ಚುಕ್ಕಿ ಇಡು, ಬೆನ್ನ ಮೇಲೊಂದು, ಮೂತಿಗೊಂದು. ತಪ್ಪಿದ್ರೆ ಹಿಡ್ದು ಸರ್ಸು, ಅವಸರ ಇಲ್ಲ."

ಅವನು ಮೂರು ಚುಕ್ಕಿ ಇಟ್ಟ. ಮೂರನ್ನೂ ಸೇರಿಸಿ ಪರದೆ ತಾನೇ ಗೆರೆ ಹಾಕಿತು. ಅವಳು ಹೇಳಿದಂತೆ ಗೆರೆಯ ನಡುವನ್ನು ಹಿಡಿದು ಎಳೆದಾಗ ಅದು ಬಿಲ್ಲಿನಂತೆ ಬಗ್ಗಿತು. ಕೈ ಅದುರಿದರೂ ಗೆರೆ ಅದುರಲಿಲ್ಲ.

"ಇದು ನನ್ನ ಅಪ್ಪನ ಬೆತ್ತ ಮಗಾ," ಎಂದ. ಅವನ ಅಪ್ಪ ಬೀರ ದೋಣಿ ಕಟ್ಟುವವನು. ಹಲಗೆಗೆ ನಾಲ್ಕು ಮೊಳೆ ಹೊಡೆದು, ಅದರ ನಡುವೆ ಬೆತ್ತದ ಸೀಳು ಬಗ್ಗಿಸಿ, ದೋಣಿಯ ಹೊಟ್ಟೆಯ ಬಾಗು ಗುರುತು ಮಾಡುತ್ತಿದ್ದ. ಮೊಳೆ ಸರಿಯಾದ ಜಾಗದಲ್ಲಿ ಬಿದ್ದರೆ ಬಾಗು ತಾನಾಗಿ ಬರ್ತದೆ ಎನ್ನುತ್ತಿದ್ದ. ಎಲ್ಲಿ ಮೊಳೆ ಹೊಡೆಯಬೇಕೆಂಬುದೇ ವಿದ್ಯೆ. ಆ ವಿದ್ಯೆ ಅಣ್ಣಪ್ಪನ ಕಣ್ಣಿನಲ್ಲಿತ್ತು, ಕಣ್ಣು ನಡುಗುತ್ತಿರಲಿಲ್ಲವಲ್ಲ.

ನಾಲ್ಕು ದಿನ ದಿನವೂ ಮಧ್ಯಾಹ್ನ ಬಂದು ಕೂತ. ರೆಕ್ಕೆ, ಕಿವಿರು, ಬೆನ್ನ ಮೇಲಿನ ಅಲೆಅಲೆಯ ಪಟ್ಟೆ, ಒಂದೊಂದಾಗಿ ಚುಕ್ಕಿ ಇಟ್ಟು ಬಗ್ಗಿಸಿದ. ಗುರುದತ್ತ ಆಗಾಗ ಬಂದು "ಇದಕ್ಕೆ ಮಸಾಲೆ ಹಚ್ಚುವುದೊಂದೇ ಬಾಕಿ," ಎಂದು ಹೋಗುತ್ತಿದ್ದ. ಐದನೆಯ ದಿನ ದಿವ್ಯಶ್ರೀ ಅದನ್ನು ದೊಡ್ಡದು ಮಾಡಿ ಒಂಬತ್ತು ಹಾಳೆಯಲ್ಲಿ ಮುದ್ರಿಸಿ ಅಂಟಿಸಿದಳು. ಟಿ.ವಿ. ಬಂದ ಡಬ್ಬದ ರಟ್ಟಿಗೆ ಅದನ್ನು ಹಚ್ಚಿ, ಬಣ್ಣ ಬೀಳಬೇಕಾದ ಕಡೆಯೆಲ್ಲ ಬ್ಲೇಡಿನಿಂದ ಕೊರೆದಳು.

"ಅಪ್ಪಾ, ಕಣ್ಣು ಬರೀಲೇ ಇಲ್ಲ ನೀನು."

"ಕಣ್ಣು ಇಲ್ಲಿ ಇಡೂದಲ್ಲ. ದೋಣಿ ಮೇಲೇ ಇಡೂದು, ಎಲ್ಲಾ ಮುಗ್ದ ಮೇಲೆ."

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ತಿಮ್ಮಕ್ಕನೂ ಜೊತೆಗೆ ಬಂದಳು. ನಡುಕದ ವಿಷಯ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ಕೈಯ ಚಾ ಲೋಟ ನೋಡಿದ ಮೊದಲ ದಿನವೇ ಅವಳಿಗೆ ತಿಳಿದಿತ್ತು. ದಿವ್ಯಶ್ರೀ ಕೊರೆದ ರಟ್ಟನ್ನು ದೋಣಿಗೆ ಒತ್ತಿ ಹಿಡಿದಳು. ಅಣ್ಣಪ್ಪ ಸ್ಪಂಜಿನ ತುಂಡಿನಿಂದ ಬೆಳ್ಳಿ ಬಣ್ಣ ಒತ್ತುತ್ತ ಹೋದ. ಒತ್ತುವ ಕೈ ನಡುಗಿದರೇನು? ರಟ್ಟು ತೆಗೆದಾಗ ನೀಲಿಯ ಮೇಲೆ ಬಂಗಡೆ ನಯವಾಗಿ ಮಲಗಿತ್ತು. ಇನ್ನೊಂದು ಬದಿಗೂ ಅವಳು ರಟ್ಟನ್ನು ಹಾಗೇ ಹಿಡಿದಳು.

"ಅಯ್ಯೋ, ತಲೆ ಹಿಂದಾತು," ವೆಂಕಟ ಗಾಬರಿಯಾದ. ದೋಣಿ ಮುಂದೆ ಹೋಗುವಾಗ ಮೀನು ಹಿಂದೆ ಹೋದರೆ ಬಲೆಗೆ ಬೀಳುವುದೇನು?

"ಕಂಪ್ಯೂಟರಲ್ಲಿ ತಿರ್ಗ್ಸಿ ಮತ್ತೆ ಪ್ರಿಂಟ್ ತೆಗೀಬೇಕು," ದಿವ್ಯಶ್ರೀಯ ಮುಖ ಸಣ್ಣದಾಯಿತು.

"ಕಲ್ತವ್ರಿಗೆ ಕಷ್ಟ ಜಾಸ್ತಿ," ಎಂದು ತಿಮ್ಮಕ್ಕ ಅವಳ ಕೈಯಿಂದ ರಟ್ಟು ಕಸಿದು, ದೋಸೆ ಮಗುಚಿದಂತೆ ಮಗುಚಿ ಕೊಟ್ಟಳು. ಮೀನು ಮುಂದಕ್ಕೆ ಹೊರಟಿತು.

ಉಳಿದದ್ದು ಕಣ್ಣು. ದಂಡೆಯ ಮೇಲೆ ಹತ್ತಾರು ಜನ ಸೇರಿದ್ದರು. ಅಣ್ಣಪ್ಪ ಸ್ಪಂಜು ಕೆಳಗಿಟ್ಟ. ಈ ಸಲ ಕೈಯನ್ನು ಅಡಗಿಸದೆ, ಅದು ನಡುಗುವುದನ್ನು ಎಲ್ಲರೂ ನೋಡಲಿ ಎಂಬಂತೆ ಚಾಚಿ, ಹೆಬ್ಬೆರಳನ್ನು ಕಪ್ಪು ಬಣ್ಣದಲ್ಲಿ ಅದ್ದಿದ. ಎರಡು ಬದಿಗೂ ಒಂದೊಂದು ಒತ್ತು. ಸಮುದ್ರದ ಕಡೆಯ ಕಣ್ಣು ಒಂದಿಷ್ಟು ಕೆಳಗೆ ಬಿತ್ತು.

"ಇದು ಕೆಳಗೆ ನೋಡ್ತದೆ ಅಣ್ಣಪ್ಪಣ್ಣ," ಎಂದ ವೆಂಕಟ.

"ಮೀನು ಇರೂದು ಕೆಳಗೇ ಅಲ್ದಾ?"

ವೆಂಕಟ ನಕ್ಕ. ಸ್ಟಿಕ್ಕರಿನ ಮಾತು ಮತ್ತೆ ಬರಲಿಲ್ಲ. ಪಕ್ಕದ ದೋಣಿಯ ಜಟ್ಟ ನಾಳಿದ್ದು ತನ್ನದಕ್ಕೂ ಬಾ ಎಂದು ಅಲ್ಲೇ ಹೇಳಿಬಿಟ್ಟ. ಅಣ್ಣಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ದಿನ ಚಾವನ್ನು ಎರಡೂ ಕೈಯಲ್ಲಿ ಹಿಡಿದೇ, ಎಲ್ಲರ ಮುಂದೆ ಕುಡಿದ.

ಹುಣ್ಣಿಮೆ ಕಳೆದು ಒಂದು ವಾರದ ಮೇಲೆ ದಿವ್ಯಶ್ರೀ ಅವನನ್ನು ಕ್ಲಾಸಿಗೆ ಕರೆದೊಯ್ದು ಅದೇ ಕುರ್ಚಿಯ ಮೇಲೆ ಕೂರಿಸಿದಳು. ಆಟ ತೆರೆಯಿತು. ಹಿಮದ ಗುಡ್ಡ, ಅದೇ ಹಕ್ಕಿ. ದಾರಿಯುದ್ದಕ್ಕೂ ನಿಂತಿದ್ದ ಮೀನುಗಳಿಗೆ ಮಾತ್ರ ಈಗ ಬೆನ್ನಿತ್ತು, ಬೆನ್ನ ಮೇಲೆ ಅಲೆಅಲೆಯ ಪಟ್ಟೆಯಿತ್ತು.

"ಇದು ನಂದಲ್ದಾ?"

"ನಿಂದೇ. ಇದ್ರಲ್ಲಿ ಮೀನು ಬದಲ್ಸೂಕೆ ಯಾರ ಅಪ್ಪಣೆಯೂ ಬ್ಯಾಡ. ಇನ್ನು ಗುರುದತ್ತ ಸರ್ ಕೊಡೂ ಸಿಡಿಯೆಲ್ಲದ್ರಲ್ಲೂ ಇದೇ ಮೀನು ಹೋತದೆ."

ಅಣ್ಣಪ್ಪ ಪರದೆಗೆ ಮುಖ ಹತ್ತಿರ ತಂದ. "ಕಣ್ಣು?"

"ಅದು ನೀನು ಇಡೂದಲ್ದಾ," ಎಂದು ಅವಳು ಆಟ ಮುಚ್ಚಿ, ಮೀನಿನ ಚಿತ್ರ ತೆರೆದು, ಮೌಸನ್ನು ಅವನ ಕಡೆ ಸರಿಸಿದಳು.

ಬಾಣದ ಗುರುತು ಮೀನಿನ ತಲೆಯ ಮೇಲೆ ಅದುರುತ್ತ ಅತ್ತಿತ್ತ ಆಡಿತು. ಅವನು ಅದು ನಿಲ್ಲಲೆಂದು ಕಾಯಲಿಲ್ಲ. ಒತ್ತಿದ. ಕಣ್ಣು ಒಂದಿಷ್ಟು ಕೆಳಗೆ ಬಿತ್ತು.

"ಸರಿಸಲಾ ಅಪ್ಪಾ?"

"ಇರ್ಲಿ ಬಿಡು."

ಮತ್ತೆ ಆಟ ತೆರೆದಾಗ ಹಕ್ಕಿ ಗುಡ್ಡದ ತುದಿಯಿಂದ ಹೊರಟಿತ್ತು. ಕೆಳಗೆ ಕಾಸರಕೋಡದ ಬಂಗಡೆಗಳು ಹಿಮದಲ್ಲಿ ಸಾಲಾಗಿ ನಿಂತು, ತಮ್ಮ ಹೊಟ್ಟೆಯಡಿಯ ಬಿಳಿಯನ್ನೇ ನೋಡುತ್ತಿದ್ದವು. ಮೊದಲನೆಯ ತಿರುವು ಬಂದಾಗ ಹಕ್ಕಿಯ ಜೊತೆ ಅಣ್ಣಪ್ಪನೂ ಕುರ್ಚಿಯಲ್ಲೇ ಎಡಕ್ಕೆ ವಾಲಿದ.