ಹುಣಸೂರಿನ ಮೇಲೆ ಹಾಯದ ವಿಮಾನ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರು ಯಾರೇ ಆಗಲಿ, ಹುಣಸೂರಿನ ಮೇಲೆಯೇ ಹೋಗಬೇಕು ಎಂಬುದರಲ್ಲಿ ವೀರಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಸ್ಸು ಹೋಗುವುದು ಹಾಗೆ, ಲಾರಿ ಹೋಗುವುದು ಹಾಗೆ. ವಿಮಾನಕ್ಕೇನು ಕೊಂಬು ಬಂದಿದೆಯೇ? ಅದಕ್ಕೇ ಮುದುಕಿ ಬೆಳಗಿನ ಲಿಂಗಪೂಜೆ ಮುಗಿಸಿದವಳೇ ಅಂಗಳದಲ್ಲಿ ಚಾಪೆ ಹಾಸಿಕೊಂಡು ಆಕಾಶ ನೋಡುತ್ತ ಕೂತುಬಿಟ್ಟಿದ್ದಳು. ಅವತ್ತು ಮಗ ಕಂಠಪ್ಪ ಮೊಟ್ಟಮೊದಲ ಬಾರಿಗೆ ವಿಮಾನ ಹತ್ತುವವನಿದ್ದ.

ಹೊಗೆಸೊಪ್ಪಿನ ವ್ಯಾಪಾರಕ್ಕೆಂದು ಹೊರಟವನು ಮೊನ್ನೆಯೇ ಹೇಳಿದ್ದ: "ಬೆಂಗ್ಳೂರಲ್ಲಿ ಎಂಟು ಗಂಟೆಗೆ ಹತ್ತೋದು, ಮಂಗ್ಳೂರತ್ರ ಬಜ್ಪೇಲಿ ಇಳಿಯೋದು. ನೂರೆಂಬತ್ತು ಮೈಲಿ, ಒಂದೂಕಾಲು ಗಂಟೆ. ಅಷ್ಟೇ ಕಣವ್ವ."

"ಇಲ್ಲಿಂದ ಮೈಸೂರಿಗೋಗಕ್ಕೇ ಬಸ್ಸಿಗೆ ಅದಕ್ಕಿಂತ ಎಚ್ಚು ಹೊತ್ತು ಬೇಕು. ಯಾರ ಕಿವೀಗ್ಲಾ ಹೂವ ಮಡಗ್ತೀಯ?" ಎಂದು ಗದರಿದ್ದಳು ವೀರಮ್ಮ.

ಮಗ ದೂರದೂರಿಗೆ ಹೊರಟಾಗಲೆಲ್ಲ, ಅವನು ತಲುಪಿರಬಹುದು ಅನ್ನಿಸುವವರೆಗೆ ಅವಳು ಏನೂ ತಿನ್ನುತ್ತಿರಲಿಲ್ಲ. ಯಾರಿಗೂ ಹೇಳಿದವಳಲ್ಲ. ಸೊಸೆ ಸುಂದ್ರಮ್ಮ ಉಣ್ಣಲು ಕರೆದರೆ ಹೊಟ್ಟೆ ಸರಿಯಿಲ್ಲ ಎನ್ನುವಳು. ಬಸ್ಸಾದರೆ ಕೂತಲ್ಲೇ ಮಗನ ಜೊತೆ ಹೋಗಬಹುದಿತ್ತು: ಈಗ ಕಂಪಲಾಪುರ, ಈಗ ಮಡಿಕೇರಿ, ಈಗ ಘಾಟಿ ಇಳಿಯುತ್ತಿದ್ದಾನೆ. ಆಕಾಶದಲ್ಲಿ ಯಾವ ಊರಿದೆ? ಬಸ್ಸಿನ ಲೆಕ್ಕದಲ್ಲೇ ಎರಡು ಗಂಟೆಗೆ ಹುಣಸೂರು, ರಾತ್ರಿಗೆ ಮಂಗಳೂರು ಎಂದುಕೊಂಡಳು. ಎಪ್ಪತ್ತು ದಾಟಿದ ಜೀವ. ಹನ್ನೊಂದಕ್ಕೇ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಹಠ ಬಿಡಲಿಲ್ಲ.

ಹನ್ನೆರಡರ ಸುಮಾರಿಗೆ ಅಂಚೆ ಪೇದೆ ಸಣ್ಣಯ್ಯ ಬಂದ, ಕೈಯಲ್ಲಿ ತಂತಿ. ಆ ಮನೆಗೆ ಅದುವರೆಗೆ ಬಂದಿದ್ದ ಎರಡು ತಂತಿಗಳೂ ಸಾವಿನವೇ.

"ಎದರ್ಕೋಬೇಡಿ, ವೀರಮ್ಮೋರೇ," ಸಣ್ಣಯ್ಯ ಬಾಗಿಲಿನಿಂದಲೇ ಕೂಗಿದ. "ಪೋಸ್ಟ್ ಮಾಸ್ಟ್ರು ಓದಿ ಏಳವ್ರೆ. ಕಂಠಪ್ನೋರು ಒಂಬತ್ತೂಕಾಲ್ಗೇ ಸುಕವಾಗಿ ಬಜ್ಪೇಲಿ ಇಳ್ದವ್ರಂತೆ."

"ಸುಳ್ಳು! ಇನ್ನೂ ನಮ್ಮೂರೇ ದಾಟಿಲ್ಲ, ಅಲ್ಲಿ ಎಂಗಪ್ಪ ಇಳೀತಾನೆ? ಬೆಳಗಿಂದ ನೋಡ್ತಾ ಕುಂತಿವ್ನಿ, ಒಂದು ಹದ್ದು ಬುಟ್ರೆ ಏನೂ ಓಗಿಲ್ಲ."

"ಇಮಾನಕ್ಕೆ ರಸ್ತೆ ಯಾಕವ್ವ? ಅದು ಹಾಸನದ ಕಡೆ ನೆಟ್ಟಗೆ ಓಯ್ತದಂತೆ."

ವೀರಮ್ಮ ನಂಬಲಿಲ್ಲ. ಮುದುಕಿಯ ಸಮಾಧಾನಕ್ಕೆಂದು ಎಲ್ಲರೂ ಸೇರಿ ಆಡುತ್ತಿರುವ ಮಾತಿದು, ನಿಜ ಬೇರೇನೋ ಇದೆ ಅನ್ನಿಸಿತು ಅವಳಿಗೆ.

ಸಣ್ಣಯ್ಯ ತಲೆ ಕೆರೆದುಕೊಂಡ. "ಇನ್ನೊಂದು ಮಾತೂ ಬರ್ದವ್ರೆ, ನಂಗರ್ಥ ಆಗ್ನಿಲ್ಲ. 'ಅವ್ವನ ಹೊಟ್ಟೆ ಈಗ ಸರಿಯಾಯ್ತು, ಉಣ್ಣಕ್ಕೇಳಿ' ಅಂತ."

ವೀರಮ್ಮ ಕೈ ಚಾಚಿ ತಂತಿ ಇಸಿದುಕೊಂಡಳು. ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದು ಆ ಕಳ್ಳನಿಗೆ ಗೊತ್ತಿತ್ತು! ಈ ಮಾತನ್ನು ಕಂಠಪ್ಪನಲ್ಲದೆ ಇನ್ನಾರೂ ಬರೆಯಲಾರರು. ಅಳುವೂ ನಗುವೂ ಒಟ್ಟಿಗೇ ಬಂದವು. ಹೋದ ಜೀವ ಬಂದಂತಾಯಿತು.

"ಸುಂದ್ರೀ, ಮುದ್ದೆ ಬಡ್ಸವ್ವ. ಸಣ್ಣಯ್ಯಂಗೂ ಆಕು," ಎಂದು ಒಳಗೆ ಕೂಗಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸಣ್ಣಯ್ಯನಿಗೆ ಹೇಳಿದಳು: "ಇನ್ಮ್ಯಾಕೆ ಎಲ್ಲಿಗೋದ್ರೂ ಇಮಾನ್ದಲ್ಲೇ ಓಗು ಅಂತ ಅವ್ನಿಗೆ ಬರ್ಸಪ್ಪ. ಒಂದೂಕಾಲು ಗಂಟೆ ಆದ್ರೆ ಎಂಗೋ ತಡ್ಕೋಬೋದು."