ಮೊದಲ ಏಟು

ಠಾಣೆಯ ಹಿಂದಿನ ಹಳೇ ಗ್ಯಾರೇಜಿನಲ್ಲಿ ಪೊಲೀಸರೇ ನಡೆಸಿಕೊಂಡು ಬಂದ ಮಕ್ಕಳ ಬಾಕ್ಸಿಂಗ್ ಕ್ಲಬ್ಬು. ಅಲ್ಲೊಂದು ವಿಚಿತ್ರ ಪದ್ಧತಿ. ಯಾವ ಹೊಸ ಇನ್ಸ್‌ಪೆಕ್ಟರೇ ಬರಲಿ, ಟೋಪಿ ತೆಗೆದಿಟ್ಟು ರಿಂಗಿನಲ್ಲಿ ನಿಂತು, ಎಲ್ಲರಿಗಿಂತ ಚಿಕ್ಕ ಮಗುವಿನ ಕೈಯಿಂದ ಒಂದು ಏಟು ತಿನ್ನಬೇಕು. ತಿರುಗಿ ಹೊಡೆಯುವಂತಿಲ್ಲ. ಯಾಕಪ್ಪಾ ಅಂದರೆ ಒಬ್ಬರಿಗೂ ಗೊತ್ತಿಲ್ಲ! ಮಕ್ಕಳು ಕೋಚಮ್ಮ ಎಂದು ಕರೆಯುವ ತರಬೇತುದಾರಳಿಗೂ ಗೊತ್ತಿರಲಿಲ್ಲ.

ಈ ಸಲ ಬಂದವನು ಖಡಕ್ ಆಸಾಮಿ. ಸಮವಸ್ತ್ರದವನು ಎಲ್ಲರೆದುರು ಏಟು ತಿನ್ನುವುದೆಂದರೆ ಹುಡುಗಾಟವೇ ಎಂದ. ಶನಿವಾರದೊಳಗೆ ಕಾರಣ ಹೇಳಿ, ಇಲ್ಲವೇ ಗ್ಯಾರೇಜಿನ ಬೀಗದ ಕೈ ಕೊಡಿ ಎಂದು ಹೊರಟೇ ಹೋದ. ಸಂಜೆಯಾದರೆ ಆ ಬೀದಿಯ ಮಕ್ಕಳಿಗೆ ಇದ್ದದ್ದು ಅದೊಂದೇ ಜಾಗ.

ಕೋಚಮ್ಮ ನಿವೃತ್ತರಾದ ಪೇದೆಗಳ ಮನೆಗಳಿಗೆ ಎಡತಾಕಿದಳು. ಸಾಹೇಬರ ಕೊಬ್ಬಿಳಿಸಲಿಕ್ಕೆ ಎಂದ ಒಬ್ಬ. ಹಿಂದಿನವರು ಮಾಡಿದರು, ನಾವೂ ಮಾಡಿದೆವು ಎಂದ ಇನ್ನೊಬ್ಬ. ಸೋತು ಸುಣ್ಣವಾಗಿ ಮನೆಗೆ ಬಂದಾಗ ಸೋದರತ್ತೆ ಕಿಟಕಿಯ ಬಳಿ ಕೂತು ಕ್ಲಬ್ಬಿನ ಹರಿದ ಗ್ಲೌಸು ಹೊಲಿಯುತ್ತಿದ್ದಳು. ಇನ್ಸ್‌ಪೆಕ್ಟರ್ ಏಟು ತಿನ್ನುವ ದಿನ ಮಾತ್ರ ಅತ್ತೆ ಸೂಜಿ ಬದಿಗಿಟ್ಟು ಮುಂದಿನ ಬೆಂಚಿಗೆ ಬಂದು ಕೂರುತ್ತಾಳಲ್ಲ, ಅದು ಕೋಚಮ್ಮನಿಗೆ ಆಗ ಹೊಳೆಯಿತು. ಕೇಳಿಯೇಬಿಟ್ಟಳು.

"ಇಷ್ಟು ವರ್ಷ ಯಾರೂ ನನ್ನ ಕೇಳ್ಲೇ ಇಲ್ವಲ್ಲೇ," ಎಂದಳು ಅತ್ತೆ.

ಅತ್ತೆ ಪುಟ್ಟ ಹುಡುಗಿಯಾಗಿದ್ದಾಗ ಯಾರೋ ಅಂಗಡಿಯ ಗಾಜು ಒಡೆದಿದ್ದರು. ಆಗಿನ ಇನ್ಸ್‌ಪೆಕ್ಟರ್ ಹಿಂದೆಮುಂದೆ ನೋಡದೆ ನಡುಬೀದಿಯಲ್ಲಿ ಇವಳ ಕೆನ್ನೆಗೆ ಬಾರಿಸಿದ. ಮರುದಿನ ನಿಜ ತಿಳಿದು ಮನೆಗೇ ಬಂದು, ಮಂಡಿಯೂರಿ, ತಿರುಗಿಸಿ ಹೊಡಿ ಎಂದ.

"ನಂಗೆ ಹೊಡೆಯೋಕೆ ಬರಲ್ಲ ಅಂದೆ. ಕಲಿಸ್ತೀನಿ ಬಾ ಅಂದ್ರು."

ಅವನೇ ಗ್ಯಾರೇಜು ಗುಡಿಸಿ, ಹಗ್ಗ ಕಟ್ಟಿದ. ಇವಳ ಹಿಂದೆ ಬೀದಿಯ ಮಕ್ಕಳೆಲ್ಲ ಬಂದರು. ಇವಳ ಕೈ ಕುದುರುವಷ್ಟರಲ್ಲಿ ಅವನಿಗೆ ವರ್ಗವಾಯಿತು. ನನಗೆ ಬರಬೇಕಿದ್ದ ಏಟು ನೀನು ತಿನ್ನು ಎಂದು ಮುಂದಿನವನಿಗೆ ಹೇಳಿ ಹೋದ. ಅವನು ಅವನ ಮುಂದಿನವನಿಗೆ. ಕಾರಣ ದಾರಿಯಲ್ಲೆಲ್ಲೋ ಉದುರಿಹೋಗಿ ಏಟೊಂದೇ ಉಳಿಯಿತು.

ಶನಿವಾರ ಕೋಚಮ್ಮ ಇಷ್ಟನ್ನೂ ಹೇಳಿದಳು. ಇನ್ಸ್‌ಪೆಕ್ಟರ್ ಟೋಪಿ ತೆಗೆದಿಟ್ಟು, ಮಗುವಿನ ಮುಂದಲ್ಲ, ಮುಂದಿನ ಬೆಂಚಿನಲ್ಲಿ ಕೂತಿದ್ದ ಅತ್ತೆಯ ಮುಂದೆ ಬಂದು ಕೈ ಇಳಿಬಿಟ್ಟು ನಿಂತ.

ಅತ್ತೆ ತಾನೇ ಹೊಲಿದ ಗ್ಲೌಸು ಹಾಕಿಕೊಂಡಳು.

"ಕೈ ಎತ್ತಿ ಮುಖ ಮುಚ್ಕೊಳ್ಳಪ್ಪ," ಎಂದಳು. "ಅವತ್ತು ನಂಗೆ ಅಷ್ಟನ್ನೂ ಯಾರೂ ಹೇಳಿರ್ಲಿಲ್ಲ."

ಅವನು ಮುಚ್ಚಿಕೊಂಡ ಮೇಲೆಯೇ ಹೊಡೆದಳು.